ಮದ್ದಿನ ಮನೆಯೂ ಗೊಬ್ಬರದ ಮನೆಯೂ

ಶ್ರೀರಂಗಪಟ್ಟಣವನ್ನು ನೋಡದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ವಿರಳ. ಶಾಲೆಯ ಪ್ರವಾಸವೆಂದರೆ ಮೈಸೂರಿನ ಅರಮನೆ, ಶ್ರೀರಂಗಪಟ್ಟಣದ ಕೋಟೆ, ಸಂಜೆಗೆ ಕೃಷ್ಣರಾಜಸಾಗರದ ಬೃಂದಾವನ. ಇದು ಹಲವು ತಲೆಮಾರುಗಳಿಂದ ನಡೆದುಬಂದ ಕ್ರಮ. ಶ್ರೀರಂಗನಾಥನ ಗುಡಿ, ಜಾಮಿಯಾ ಮಸೀದಿ, ದರಿಯಾ ದೌಲತ್, ಗುಂಬಜ್, ಟಿಪ್ಪು ಸುಲ್ತಾನನು ಬಿದ್ದ ಸ್ಥಳ ಇವೆಲ್ಲವನ್ನೂ ತೋರಿಸಿದ ಮೇಲೆ, ದಾರಿ ತೋರಿಸುವವರು ಮಕ್ಕಳನ್ನು ಒಂದು ಮದ್ದಿನ ಮನೆಯ ಮುಂದೆಯೂ ನಿಲ್ಲಿಸುವುದುಂಟು. ಆ ಕಟ್ಟಡಗಳಲ್ಲಿ ಒಂದರ ಕಥೆ ಈಚಿನದು. ಬೆಂಗಳೂರು ಮೈಸೂರುಗಳ ನಡುವಣ ರೈಲುದಾರಿಯನ್ನು ಜೋಡಿದಾರಿಯಾಗಿ ಮಾಡುವಾಗ ಟಿಪ್ಪುವಿನ ಕಾಲದ ಒಂದು ಮದ್ದಿನ ಮನೆ ಕೆಲಸಕ್ಕೆ ಅಡ್ಡವಾಯಿತು. ಸುಮಾರು ಸಾವಿರ ಟನ್ನು ತೂಗುವ ಆ ಕಟ್ಟಡವನ್ನು ಕೆಡವಲಿಲ್ಲ. 2017ರಲ್ಲಿ ಅದನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಮಿಗಿಲು ದೂರ ಜರುಗಿಸಿ, ಹಾಗೆಯೇ ನಿಲ್ಲಿಸಲಾಯಿತು. ಚರಿತ್ರೆಯ ಒಂದು ಕುರುಹನ್ನು ಉಳಿಸಲು ಎಂಜಿನಿಯರುಗಳು ಪಟ್ಟ ಈ ಶ್ರಮ ಸರ್ವಥಾ ಶ್ಲಾಘ್ಯವಾದದ್ದು.

ಆದರೆ ಅದೇ ಪ್ರವಾಸದ ಬಸ್ಸು ಕೃಷ್ಣರಾಜಸಾಗರದ ಕಡೆಗೆ ಹೊರಳಿದಾಗ, ಶ್ರೀರಂಗಪಟ್ಟಣಕ್ಕೆ ಪಶ್ಚಿಮದಲ್ಲಿ ಕೆಲವೇ ಮೈಲಿಗಳ ದೂರದಲ್ಲಿರುವ ಬೆಳಗೊಳದ ಹೆಸರನ್ನು ಯಾರೂ ಎತ್ತುವುದಿಲ್ಲ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಅಮೋನಿಯವನ್ನಾಗಿ ಮಾಡಿ, ಅದರಿಂದ ಗೊಬ್ಬರವನ್ನು ತಯಾರಿಸುವ ಕೆಲಸ ಭಾರತದಲ್ಲಿ ಮೊತ್ತಮೊದಲು ನಡೆದದ್ದು ಅಲ್ಲಿ. ಅದು ಒಂದು ಚಾರಿತ್ರಿಕ ಸ್ಥಳವೆಂದು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಪ್ರವಾಸಿಗರ ಕೈಪಿಡಿಗಳಲ್ಲಿಯೂ ಅದಕ್ಕೆ ಎಡೆಯಿಲ್ಲ. ಮದ್ದಿನ ಮನೆಗೆ ಸಂದ ಗೌರವದ ಒಂದು ಪಾಲಾದರೂ ಈ ಗೊಬ್ಬರದ ಮನೆಗೆ ಸಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ಗಮನಿಸೋಣ. ಕನ್ನಡದಲ್ಲಿ ‘ಮದ್ದು’ ಎಂದರೆ ರೋಗಕ್ಕೆ ಕೊಡುವ ಔಷಧ. ಕೋವಿಗೆ ತುಂಬುವ ಪುಡಿಯೂ ಮದ್ದೇ. ಒಂದೇ ಮಾತು ಉಳಿಸುವುದನ್ನೂ ಕೊಲ್ಲುವುದನ್ನೂ ಹೇಳುತ್ತದೆ. ಇದು ಬರಿಯ ಮಾತಿನ ಚಮತ್ಕಾರವಲ್ಲ, ಇದರ ಹಿಂದೆ ರಸಾಯನಶಾಸ್ತ್ರವೂ ಇದೆ ಎಂಬುದನ್ನು ಮುಂದೆ ಕಾಣುವೆವು. ಹಳೆಯ ಕೋವಿಮದ್ದಿನಲ್ಲಿ ಮೂರು ವಸ್ತುಗಳು ಸೇರಿರುತ್ತಿದ್ದುವು: ಇದ್ದಲು, ಗಂಧಕ, ಪೆಟ್ಲುಪ್ಪು. ಇವುಗಳಲ್ಲಿ ಪೆಟ್ಲುಪ್ಪಿನದೇ ಸಿಂಹಪಾಲು. ತೂಕದಲ್ಲಿ ಸುಮಾರು ಮುಕ್ಕಾಲು ಭಾಗ. ಪೆಟ್ಲುಪ್ಪೆಂದರೆ ಪೊಟ್ಯಾಸಿಯಂ ನೈಟ್ರೇಟು; ಅದರಲ್ಲಿ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡಿವೆ. ದನದ ಕೊಟ್ಟಿಗೆಯ ಸುತ್ತಮುತ್ತ, ಹಳೆಯ ಮಣ್ಣುಗೋಡೆಗಳ ಬುಡದಲ್ಲಿ, ಗಂಜಲ ಇಂಗಿದ ನೆಲದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟನ್ನಾಗಿ ಮಾರ್ಪಡಿಸುತ್ತವೆ. ಆ ಮಣ್ಣನ್ನು ಕೆರೆದು, ನೀರಿನಲ್ಲಿ ನೆನೆಸಿ, ಬೂದಿಯ ನೀರನ್ನು ಕೂಡಿಸಿ, ಸೋಸಿ, ಕಾಯಿಸಿ ಆರಿಸಿದರೆ ಪೆಟ್ಲುಪ್ಪು ಹರಳುಗಟ್ಟುತ್ತದೆ. ಹೊಲಕ್ಕೆ ಹೋಗಬಹುದಾಗಿದ್ದ ಗೊಬ್ಬರದ ಸತ್ತ್ವವೇ ಹೀಗೆ ಕೋಟೆಯ ಉಗ್ರಾಣವನ್ನು ಸೇರುತ್ತಿತ್ತು.

ಹೈದರಾಲಿ ಟಿಪ್ಪುಗಳ ಸೈನ್ಯದ ಬಾಣಗಳು ಲೋಕಪ್ರಸಿದ್ಧವಾದುವು. ಕಬ್ಬಿಣದ ಕೊಳವೆಯೊಳಗೆ ಮದ್ದನ್ನು ಗಿಡಿದು ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದ ಆ ಬಾಣಗಳು 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದುವು. ಕೊನೆಗೆ 1799ರ ಮೇ 2ರಂದು ಮುತ್ತಿಗೆ ಹಾಕಿದವರ ಗುಂಡೊಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ತಗುಲಿ ಭಯಂಕರವಾದ ಆಸ್ಫೋಟವಾಯಿತು. ಎರಡು ದಿನಗಳ ತರುವಾಯ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು. ಈ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆದರೆ ಆ ಆಸ್ಫೋಟಕ್ಕೆ ಬಲವನ್ನು ಕೊಟ್ಟ ಸಾರಜನಕವೇ ತಮ್ಮ ತಟ್ಟೆಯ ಅನ್ನದಲ್ಲಿಯೂ ಇದೆಯೆಂಬುದನ್ನು ಎಷ್ಟು ಮಂದಿ ಬಲ್ಲರು?

ಈ ಮೂಲವಸ್ತುವಿಗೆ ಕನ್ನಡದಲ್ಲಿ ಸಾರಜನಕವೆಂದು ಹೆಸರಿಟ್ಟ ಹಿರಿಯರು ಬಹು ಉಚಿತವಾದ ಹೆಸರನ್ನೇ ಇಟ್ಟರು. ಮಾಂಸಖಂಡ, ರಕ್ತ, ಬೀಜ, ಎಲೆಯ ಹಸಿರು, ಇವುಗಳಲ್ಲಿ ಯಾವುದೂ ಸಾರಜನಕವಿಲ್ಲದೆ ಆಗದು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78 ಭಾಗ ಇದೇ ಅನಿಲ. ಹಾಗಿದ್ದರೆ ಪೈರಿಗೆ ಅದರ ಕೊರತೆ ಏಕೆ? ಕಡಲಿನ ನಡುವೆ ಕುಡಿಯುವ ನೀರಿಗೆ ಬಾಯಿಬಿಡುವ ನಾವಿಕನ ಪಾಡೇ ಪೈರಿನದು. ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಎರಡೆರಡಾಗಿ, ಮುಪ್ಪುರಿಯಾದ ಬಂಧದಿಂದ ಬಿಗಿದುಕೊಂಡಿರುತ್ತವೆ. ಆ ಬಂಧವನ್ನು ಬಿಡಿಸುವ ಶಕ್ತಿ ಬತ್ತಕ್ಕಾಗಲಿ ಕಬ್ಬಿಗಾಗಲಿ ಇಲ್ಲ. ಸಿಡಿಲು ಸ್ವಲ್ಪಮಟ್ಟಿಗೆ ಬಿಡಿಸುತ್ತದೆ. ಅವರೆ, ಹುರುಳಿ, ಸೆಣಬು ಮೊದಲಾದ ಗಿಡಗಳ ಬೇರುಗಂಟುಗಳಲ್ಲಿ ನೆಲಸಿದ ಬ್ಯಾಕ್ಟೀರಿಯಗಳು ಮೌನವಾಗಿ ಬಿಡಿಸುತ್ತವೆ. ಸಾವಿರಾರು ವರ್ಷ ನಮ್ಮ ಬೇಸಾಯ ನಡೆದದ್ದು ಈ ಸಣ್ಣ ಸಂಪಾದನೆಯಿಂದ, ಮತ್ತು ಅದನ್ನು ತಿಪ್ಪೆಯ ಮೂಲಕ ಹೊಲಕ್ಕೆ ಹಿಂದಿರುಗಿಸುವ ರೈತನ ಜಾಣ್ಮೆಯಿಂದ.

ಈ ಜಾಣ್ಮೆಗೂ ಒಂದು ಮಿತಿಯುಂಟು. ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ನೀರಾವರಿಯ ಬತ್ತಕ್ಕೆ ಹೆಕ್ಟೇರೊಂದಕ್ಕೆ ಸುಮಾರು 100 ಕಿಲೋಗ್ರಾಂ ಸಾರಜನಕ ಬೇಕೆಂದು ಇಟ್ಟುಕೊಳ್ಳೋಣ. ಕೊಟ್ಟಿಗೆ ಗೊಬ್ಬರದಲ್ಲಿರುವ ಸಾರಜನಕ ನೂರಕ್ಕೆ ಅರ್ಧದಷ್ಟು ಮಾತ್ರ. ಆದ್ದರಿಂದ ಗೊಬ್ಬರವೇ 20 ಟನ್ನು ಬೇಕಾಗುತ್ತದೆ. ಎತ್ತಿನ ಗಾಡಿಗೆ ಅರ್ಧ ಟನ್ನಿನಂತೆ ಹೇರಿದರೆ 40 ಗಾಡಿ! ಅಷ್ಟು ಗೊಬ್ಬರ ಯಾರ ತಿಪ್ಪೆಯಲ್ಲಿದೆ? ಅದೇ ಸಾರಜನಕವನ್ನು ಅಮೋನಿಯಂ ಸಲ್ಫೇಟಿನ ರೂಪದಲ್ಲಿ ಕೊಟ್ಟರೆ 50 ಕಿಲೋಗ್ರಾಮಿನ ಸುಮಾರು ಹತ್ತು ಚೀಲ. ಯೂರಿಯದ ರೂಪದಲ್ಲಾದರೆ ಐದು ಚೀಲಕ್ಕೂ ಕಡಿಮೆ. ಕೊಟ್ಟಿಗೆ ಗೊಬ್ಬರ ಮಣ್ಣಿಗೆ ಮಾಡುವ ಬೇರೆ ಉಪಕಾರಗಳನ್ನು ಈ ಚೀಲಗಳು ಮಾಡಲಾರವು, ಅದು ನಿಜ. ಆದರೆ ಸಾರಜನಕದ ಲೆಕ್ಕ ಮಾತ್ರ ಹೀಗೆಯೇ ಇದೆ.

ಗಾಳಿಯ ಆ ಬಿಗಿಯಾದ ಬಂಧವನ್ನು ಮನುಷ್ಯನು ದೊಡ್ಡ ಪ್ರಮಾಣದಲ್ಲಿ ಬಿಡಿಸಿದ್ದು 20ನೆಯ ಶತಮಾನದಲ್ಲಿ. ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ಪ್ರಯೋಗಶಾಲೆಯ ಮೇಜಿನ ಮೇಲೆ ಸಾರಜನಕವನ್ನೂ ಜಲಜನಕವನ್ನೂ ಕೂಡಿಸಿ ಅಮೋನಿಯದ ಹನಿಗಳನ್ನು ಇಳಿಸಿ ತೋರಿಸಿದನು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದನು. ರೈನ್ ನದಿಯ ದಂಡೆಯ ಓಪೌ ಎಂಬಲ್ಲಿ 1913ರಲ್ಲಿ ಮೊದಲ ಕಾರ್ಖಾನೆ ನಡೆಯತೊಡಗಿತು. ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಒಂದು ಅಳತೆ ಸಾರಜನಕಕ್ಕೆ ಮೂರು ಅಳತೆ ಜಲಜನಕವನ್ನು ಬೆರಸಿ, ವಾಯುಮಂಡಲದ ಒತ್ತಡಕ್ಕಿಂತ ಸುಮಾರು ಇನ್ನೂರು ಪಾಲು ಹೆಚ್ಚಿನ ಒತ್ತಡದಲ್ಲಿ, 400ರಿಂದ 500 ಡಿಗ್ರಿ ಶಾಖದಲ್ಲಿ, ಕಬ್ಬಿಣದ ವೇಗವರ್ಧಕದ ಮೇಲೆ ಹಾಯಿಸುತ್ತಾರೆ. ಒಂದು ಸುತ್ತಿಗೆ ಸ್ವಲ್ಪ ಭಾಗ ಮಾತ್ರ ಅಮೋನಿಯವಾಗುತ್ತದೆ. ಅದನ್ನು ತಣ್ಣಗೆ ಮಾಡಿ ದ್ರವವಾಗಿ ಇಳಿಸಿಕೊಂಡು, ಉಳಿದ ಅನಿಲಗಳನ್ನು ಮತ್ತೆ ಮತ್ತೆ ಸುತ್ತಿಸುತ್ತಾರೆ. ಹೀಗೆ ಬಂದ ಅಮೋನಿಯವನ್ನು ಗಂಧಕಾಮ್ಲದೊಡನೆ ಕೂಡಿಸಿದರೆ ಅಮೋನಿಯಂ ಸಲ್ಫೇಟು ಎಂಬ ಬಿಳಿಯ ಹರಳು ದೊರೆಯುತ್ತದೆ. ಇಂಗಾಲದ ಡೈ ಆಕ್ಸೈಡಿನೊಡನೆ ಕೂಡಿಸಿದರೆ ಯೂರಿಯ. ಹೇಳಲು ಸುಲಭವಾದ ಈ ಕೆಲಸ ಮಾಡಲು ಅತ್ಯಂತ ಕಠಿನವಾದದ್ದು. ಕಾದ ಜಲಜನಕ ಸಾಮಾನ್ಯವಾದ ಉಕ್ಕನ್ನು ಪೆಡಸು ಮಾಡಿ ಬಿರಿಯಿಸುತ್ತದೆ. ಸೋರದ ಕೀಲುಗಳು, ಒತ್ತಡಕ್ಕೆ ಬಗ್ಗದ ಪಾತ್ರೆಗಳು, ನಿಲ್ಲದೆ ದುಡಿಯುವ ಪಂಪುಗಳು, ಹಗಲಿರುಳು ಎಚ್ಚರದಿಂದಿರುವ ಕೆಲಸಗಾರರು, ಇವೆಲ್ಲ ಕೂಡಿದಾಗಲೇ ಇದು ಸಾಧ್ಯ.

ಇಂತಹ ಕೆಲಸ ಬೆಳಗೊಳಕ್ಕೆ ಹೇಗೆ ಬಂದಿತು? ಅದು ಆಕಸ್ಮಿಕವಲ್ಲ. ಶಿವನಸಮುದ್ರದಲ್ಲಿ 1902ರಿಂದಲೇ ಕಾವೇರಿ ವಿದ್ಯುಚ್ಛಕ್ತಿಯನ್ನು ಕೊಡುತ್ತಿದ್ದಳು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ 1930ರ ದಶಕದ ಮೊದಲಲ್ಲಿ ಪೂರ್ಣವಾಯಿತು. ಈಗ ವಿಶ್ವೇಶ್ವರಯ್ಯನವರ ಹೆಸರಿನಿಂದ ಕರೆಯಲಾಗುವ ನಾಲೆ ಮಂಡ್ಯದ ಬೆಂಗಾಡಿಗೆ ನೀರನ್ನು ಹರಿಸಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ನೀರು ಬಂದ ಮೇಲೆ ಕಬ್ಬು ಬಂದಿತು, ಬತ್ತ ಬಂದಿತು. ಅವೆರಡರ ಹಸಿವೂ ದೊಡ್ಡದು. ರಾಗಿ ಹುರುಳಿಗಳ ಕಾಲದ ತಿಪ್ಪೆ ಈ ಹಸಿವನ್ನು ಹಿಂಗಿಸಲಾರದು. ನೀರು, ವಿದ್ಯುತ್ತು, ರೈಲು, ಕೊಳ್ಳುವ ರೈತ, ಈ ನಾಲ್ಕೂ ಒಂದೆಡೆ ಕೂಡಿದ ಆ ಸೀಮೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ, 1930ರ ದಶಕದ ಉತ್ತರಾರ್ಧದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಎಂಬ ಕಾರ್ಖಾನೆ ತಲೆಯೆತ್ತಿತು. ಚಿಕ್ಕದೇವರಾಜ ಒಡೆಯರ ಹೆಸರನ್ನು ಹೊತ್ತ ಹಳೆಯ ನಾಲೆ ಹರಿಯುವ ನೆಲದಲ್ಲಿ ಇದು ಒಂದು ಹೊಸ ಬಗೆಯ ನಾಲೆ. ಗಾಳಿಯಿಂದ ಹೊಲಕ್ಕೆ ಸತ್ತ್ವವನ್ನು ಹರಿಸುವ ನಾಲೆ.

ಇಂದಿನ ಅಳತೆಗೋಲಿನಿಂದ ನೋಡಿದರೆ ಅದು ಬಹು ಸಣ್ಣದು. ದಿನಕ್ಕೆ 5 ಟನ್ನಿನಷ್ಟು ಅಮೋನಿಯವನ್ನು ಮಾಡುವ ಯಂತ್ರಾಗಾರ. ಅಷ್ಟು ಅಮೋನಿಯದಲ್ಲಿ ಸಾರಜನಕ 4 ಟನ್ನಿಗೆ ಸ್ವಲ್ಪ ಮೇಲೆ. ಅಮೋನಿಯಂ ಸಲ್ಫೇಟಾಗಿ ಮಾರ್ಪಡಿಸಿದರೆ ಸುಮಾರು 19 ಟನ್ನು. ಹಿಂದೆ ಹೇಳಿದ ಲೆಕ್ಕದಂತೆ ದಿನವೊಂದರ ದುಡಿಮೆ 40 ಹೆಕ್ಟೇರು, ಎಂದರೆ ಸುಮಾರು ನೂರು ಎಕರೆ ಬತ್ತದ ಗದ್ದೆಗೆ ಸಾಕಾಗುವಷ್ಟು. 1,600 ಎತ್ತಿನ ಗಾಡಿಗಳು ಹೊತ್ತು ತರಬೇಕಾದ ಸತ್ತ್ವವನ್ನು ಒಂದು ಸಣ್ಣ ಯಂತ್ರಾಗಾರ ಒಂದು ಹಗಲು ಒಂದು ಇರುಳಿನಲ್ಲಿ ಗಾಳಿಯಿಂದ ಇಳಿಸುತ್ತಿತ್ತು! ಇದನ್ನು ಸಾಧನೆಯೆನ್ನದೆ ಮತ್ತೇನೆನ್ನಬೇಕು?

ಈ ಮೊದಲ ಹೆಜ್ಜೆಯ ಬೆಲೆ ತಿಳಿಯಬೇಕಾದರೆ ಅನಂತರ ನಡೆದದ್ದನ್ನು ನೆನೆಯಬೇಕು. 1943ರಲ್ಲಿ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಆ ಕ್ಷಾಮಕ್ಕೆ ಕಾರಣ ಗೊಬ್ಬರದ ಅಭಾವವಲ್ಲ. ಯುದ್ಧ, ಬೆಲೆಯೇರಿಕೆ, ಆಡಳಿತದ ಲೋಪ, ಇವೆಲ್ಲ ಅದಕ್ಕೆ ಹೊಣೆ. ಆದರೆ ದೇಶದ ಅನ್ನದ ಪ್ರಶ್ನೆಯನ್ನು ಅದು ಎಲ್ಲರ ಮುಂದೆ ನಿಲ್ಲಿಸಿತು. ಅದೇ ವರ್ಷ ಆಹಾರಧಾನ್ಯ ನೀತಿ ಸಮಿತಿ ದೇಶದಲ್ಲಿಯೇ ಸಾರಜನಕ ಗೊಬ್ಬರವನ್ನು ತಯಾರಿಸಬೇಕೆಂದು ಶಿಫಾರಸು ಮಾಡಿತು. ತಿರುವಾಂಕೂರಿನ ಆಲುವಾ ಬಳಿ, ಪೆರಿಯಾರ್ ನದಿಯ ದಂಡೆಯಲ್ಲಿ, 1947ರಲ್ಲಿ ಇನ್ನೊಂದು ಕಾರ್ಖಾನೆ ಕೆಲಸಕ್ಕೆ ತೊಡಗಿತು. ಅಲ್ಲಿ ಜಲಜನಕಕ್ಕಾಗಿ ಕಾಡಿನ ಸೌದೆಯನ್ನೇ ಅನಿಲವಾಗಿ ಮಾಡುತ್ತಿದ್ದರು. ಸಿಂಧ್ರಿಯ ಬೃಹತ್ ಕಾರ್ಖಾನೆ 1951ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1952ರ ಮಾರ್ಚಿಯಲ್ಲಿ ಜವಾಹರಲಾಲ್ ನೆಹರೂ ಅದನ್ನು ದೇಶಕ್ಕೆ ಅರ್ಪಿಸಿದರು. ಅದರ ಗುರಿ ದಿನಕ್ಕೆ ಸಾವಿರ ಟನ್ನು ಅಮೋನಿಯಂ ಸಲ್ಫೇಟು. 1961ರಲ್ಲಿ ನಂಗಲ್‌ನಲ್ಲಿ ಭಾಕ್ರಾದ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಪಡೆದರು. 1976ರಲ್ಲಿ ನಮ್ಮ ಕರಾವಳಿಯ ಪಣಂಬೂರಿನಲ್ಲಿ ಯೂರಿಯದ ಕಾರ್ಖಾನೆ ಎದ್ದಿತು. 2002ರಲ್ಲಿ ಮುಚ್ಚಿದ್ದ ಸಿಂಧ್ರಿಯಲ್ಲಿ ಹೊಸ ಕಾರ್ಖಾನೆ ಕಟ್ಟಿ 2024ರಲ್ಲಿ ಅದನ್ನು ದೇಶಕ್ಕೆ ಅರ್ಪಿಸಲಾಯಿತು. ಅದು ದಿನಕ್ಕೆ 2,200 ಟನ್ನು ಅಮೋನಿಯವನ್ನು ಮಾಡಬಲ್ಲದು. ಬೆಳಗೊಳದ 5 ಟನ್ನು ಎಲ್ಲಿ, ಈ 2,200 ಟನ್ನು ಎಲ್ಲಿ! ಆದರೆ ಆಲದ ಮರದ ಲೆಕ್ಕ ಹಾಕುವವನು ಬೀಜವನ್ನು ಬಿಟ್ಟು ಲೆಕ್ಕ ಹಾಕುವುದಿಲ್ಲವಷ್ಟೆ.

ಬೆಳಗೊಳದಲ್ಲಿ ಅಮೋನಿಯ ತಯಾರಿ ನಿಂತು ದಶಕಗಳೇ ಸಂದಿವೆ. ಸಣ್ಣ ಯಂತ್ರಾಗಾರ ದೊಡ್ಡವುಗಳೊಡನೆ ಬೆಲೆಯಲ್ಲಿ ಸ್ಪರ್ಧಿಸಲಾರದು. ಇದು ಕೈಗಾರಿಕೆಯ ಕಠೋರ ನಿಯಮ. ಅದನ್ನು ಮುಚ್ಚಬಾರದಿತ್ತು ಎಂದು ನಾವು ವಾದಿಸುವುದಿಲ್ಲ. ಮುಚ್ಚಿದ ಮೇಲೆ ಮರೆಯಬಾರದಿತ್ತು ಎಂಬುದಷ್ಟೇ ನಮ್ಮ ವಾದ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿದೆ.

ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಕೋಟೆಗೆ ಗಾಂಭೀರ್ಯವಿದೆ, ದರಿಯಾ ದೌಲತ್ತಿನ ಗೋಡೆಗಳಿಗೆ ಚಿತ್ರಕಲೆಯ ಸೊಬಗಿದೆ, ಕಾರ್ಖಾನೆಯಲ್ಲಿ ನೋಡತಕ್ಕದ್ದೇನು? ಹೊಗೆಗೊಳವೆ, ತುಕ್ಕುಹಿಡಿದ ತಗಡು, ಬಣ್ಣಗೆಟ್ಟ ಗೋಡೆ, ಇವನ್ನು ಸ್ಮಾರಕವೆನ್ನುವುದುಂಟೆ? ಇದು ಮೊದಲನೆಯ ಆಕ್ಷೇಪಣೆ. ಇದಕ್ಕೆ ಉತ್ತರ ನಾರ್ವೆ ದೇಶದಿಂದ ಬಂದಿದೆ. ಅಲ್ಲಿನ ನೋಟೊಡೆನ್ ಎಂಬ ಊರಿನಲ್ಲಿ 1905ರಲ್ಲಿ ಬಿರ್ಕ್‌ಲಾಂಡ್ ಮತ್ತು ಐಡೆ ಎಂಬಿಬ್ಬರ ವಿಧಾನದಂತೆ, ಜಲಪಾತದ ವಿದ್ಯುತ್ತಿನಿಂದ ಕೃತಕವಾದ ಸಿಡಿಲನ್ನು ಹುಟ್ಟಿಸಿ, ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾಡತೊಡಗಿದರು. ಸಮೀಪದ ರ್ಯೂಕನ್ ಕಣಿವೆಯಲ್ಲಿ ಅದಕ್ಕಾಗಿಯೇ ಒಂದು ಊರು ಹುಟ್ಟಿತು. ಈ ಎರಡು ಊರುಗಳನ್ನು, ಅವುಗಳ ವಿದ್ಯುದಾಗಾರ, ಕಾರ್ಖಾನೆ, ರೈಲುದಾರಿ, ಕೆಲಸಗಾರರ ಮನೆಗಳ ಸಮೇತ, 2015ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ಅದಕ್ಕೆ ಒಂದು ವರ್ಷ ಮೊದಲು, 2014ರಲ್ಲಿ, ಶ್ರೀರಂಗಪಟ್ಟಣ ದ್ವೀಪದ ಸ್ಮಾರಕಗಳು ಅದೇ ಸಂಸ್ಥೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದ್ದುವು. ಅಲ್ಲಿ ಗೊಬ್ಬರದ ಕಾರ್ಖಾನೆ ಜಗತ್ತಿನ ಆಸ್ತಿ. ಇಲ್ಲಿ ಅದು ದಾರಿಹೋಕನಿಗೂ ತಿಳಿಯದ ಹೆಸರು. ಸೌಂದರ್ಯ ಕಣ್ಣಿಗೆ ಮಾತ್ರ ಸೇರಿದ್ದಲ್ಲ. ಬುದ್ಧಿಗೆ ಕಾಣುವ ಸೌಂದರ್ಯವೂ ಒಂದುಂಟು. ಅದನ್ನು ಕಾಣಿಸಿಕೊಡುವುದೇ ವಿಜ್ಞಾನ ಶಿಕ್ಷಣದ ಕೆಲಸ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು. ರಾಸಾಯನಿಕ ಗೊಬ್ಬರದಿಂದ ಆದ ಕೇಡು ಸ್ವಲ್ಪವೆ? ಅಂತಹುದಕ್ಕೆ ಸ್ಮಾರಕ ಬೇಕೆ? ಎಂದು ಇಂದಿನ ತರುಣರು ಕೇಳುತ್ತಾರೆ, ಕೇಳಬೇಕಾದದ್ದೇ. ಕೇಡನ್ನು ಮುಚ್ಚಿಡುವುದು ವಿಜ್ಞಾನದ ದಾರಿಯಲ್ಲ. ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಬೆಳೆಗೆ ದಕ್ಕುವುದು ಎಷ್ಟೋ ವೇಳೆ ಅರ್ಧಕ್ಕಿಂತ ಕಡಿಮೆ. ಉಳಿದುದರಲ್ಲಿ ಕೆಲವು ಭಾಗ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಕೆಲವು ಭಾಗ ನೈಟ್ರೇಟಾಗಿ ಬಾವಿ ಕೆರೆಗಳಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟು ಇರಕೂಡದೆಂದು ನಮ್ಮ ದೇಶದ ಮಾನಕ ಗೊತ್ತುಮಾಡಿದೆ. ಮತ್ತೆ ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗುತ್ತದೆ; ಭೂಮಿಯ ತಾಪವನ್ನು ಏರಿಸುವುದರಲ್ಲಿ ಅದು ಸಮತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ. ಅಮೋನಿಯದ ತಯಾರಿಯೊಂದಕ್ಕೇ ಜಗತ್ತಿನ ಶಕ್ತಿಯ ಬಳಕೆಯಲ್ಲಿ ಶೇಕಡ 1ರಿಂದ 2ರಷ್ಟು ವೆಚ್ಚವಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಕಾರ್ಖಾನೆಗಳ ಚರಿತ್ರೆಯಲ್ಲಿಯೂ ಕಪ್ಪು ಪುಟಗಳುಂಟು. ಮೊದಲನೆಯ ಮಹಾಯುದ್ಧದಲ್ಲಿ ಚಿಲಿ ದೇಶದ ನೈಟ್ರೇಟು ಜರ್ಮನಿಗೆ ಬರದಂತೆ ಶತ್ರುಗಳು ಕಡಲನ್ನು ಕಟ್ಟಿದಾಗ, ಹೊಲಕ್ಕೆಂದು ಹುಟ್ಟಿದ ಅಮೋನಿಯ ಸಿಡಿಮದ್ದಿನ ಕಾರ್ಖಾನೆಗೆ ಹೋಯಿತು. ಹಾಬರನು ವಿಷಾನಿಲದ ಯುದ್ಧಕ್ಕೆ ತನ್ನ ವಿದ್ಯೆಯನ್ನು ತೆತ್ತನು. 1921ರ ಸೆಪ್ಟೆಂಬರ್ 21ರಂದು ಓಪೌ ಕಾರ್ಖಾನೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿದ್ದ ಗೊಬ್ಬರದ ರಾಶಿಯನ್ನು ಸಣ್ಣ ಸಿಡಿತಲೆಗಳಿಂದ ಸಡಿಲಿಸಲು ಹೋದಾಗ ಉಗ್ರಾಣವೇ ಸಿಡಿದು 500ಕ್ಕೂ ಹೆಚ್ಚು ಜನ ಮಡಿದರು. 1799ರಲ್ಲಿ ಶ್ರೀರಂಗಪಟ್ಟಣದ ಬಾಣದ ಉಗ್ರಾಣವನ್ನು ಸಿಡಿಸಿದ ಮೂಲವಸ್ತು, ಬೇರೊಂದು ರೂಪದಲ್ಲಿ, ಗೊಬ್ಬರದ ಉಗ್ರಾಣವನ್ನೂ ಸಿಡಿಸಿತು. ಮದ್ದು ಎಂಬ ನಮ್ಮ ಮಾತಿನ ಎರಡು ಅರ್ಥಗಳು ಇಲ್ಲಿ ಮುಖಾಮುಖಿಯಾಗಿ ನಿಲ್ಲುತ್ತವೆ.

ಹಾಗಾದರೆ ಈ ದೋಷಗಳೆಲ್ಲ ನಮ್ಮ ವಾದವನ್ನು ಕೆಡಿಸುವುವೆ? ಇಲ್ಲ, ಅವು ಅದನ್ನು ಬಲಪಡಿಸುತ್ತವೆ. ಮದ್ದಿನ ಮನೆಯನ್ನು ನಾವು ಉಳಿಸಿಕೊಂಡಿರುವುದು ಯುದ್ಧವನ್ನು ಹೊಗಳುವುದಕ್ಕಲ್ಲ. ಏನು ನಡೆಯಿತೆಂಬುದನ್ನು ಮರೆಯದಿರುವುದಕ್ಕೆ. ಸ್ಮಾರಕವೆಂದರೆ ನೆನಪಿಗೆ ಸಾಧನ, ಪೂಜೆಗೆ ವಿಗ್ರಹವಲ್ಲ. ಇಂದು ಜಗತ್ತಿನ ಜನರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಯ ಆಹಾರ ಕೃತಕ ಅಮೋನಿಯದ ಆಸರೆಯಿಂದಲೇ ಬೆಳೆಯುತ್ತದೆಂದು ತಜ್ಞರ ಅಂದಾಜು. ಈ ಆಸರೆಯನ್ನು ಒಂದೇ ಸಲಕ್ಕೆ ಕಿತ್ತೊಗೆಯುವಂತಿಲ್ಲ. ಕಣ್ಣುಮುಚ್ಚಿ ನೆಚ್ಚುವಂತೆಯೂ ಇಲ್ಲ. ಈ ಇಬ್ಬಂದಿಯನ್ನು ತಿಳಿದ ಪ್ರಜೆಗಳು ಬೇಕಾಗಿದ್ದಾರೆ. ತಿಳಿವಳಿಕೆ ಘೋಷಣೆಗಳಿಂದ ಬರುವುದಿಲ್ಲ. ಎಲ್ಲಿ, ಯಾರು, ಯಾವ ಕಷ್ಟಕ್ಕಾಗಿ, ಯಾವ ಬೆಲೆ ತೆತ್ತು ಇದನ್ನು ಆರಂಭಿಸಿದರೆಂಬುದನ್ನು ಅರಿತಾಗ ಬರುತ್ತದೆ.

ಹಳೆಯ ಕಾರ್ಖಾನೆಗಳ ನೆನಪಿನಿಂದ ಇನ್ನೂ ಒಂದು ಪ್ರಯೋಜನವುಂಟು. ಅಮೋನಿಯದ ಕಷ್ಟವೆಲ್ಲ ಜಲಜನಕವನ್ನು ಪಡೆಯುವುದರಲ್ಲಿದೆ. ಕಲ್ಲಿದ್ದಲು, ಸೌದೆ, ನಾಫ್ತಾ, ನೆಲದಡಿಯ ಅನಿಲ, ಇವೆಲ್ಲವೂ ಇಂಗಾಲದ ಹೊರೆಯನ್ನು ಗಾಳಿಗೆ ಏರಿಸುವ ದಾರಿಗಳು. ಬಿಸಿಲು ಗಾಳಿಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಪಡೆಯಬೇಕೆಂದು ಇಂದು ಎಲ್ಲೆಡೆ ಪ್ರಯತ್ನ ನಡೆದಿದೆ. ಹಸಿರು ಅಮೋನಿಯವೆಂದು ಅದಕ್ಕೆ ಹೊಸ ಹೆಸರು. ಆದರೆ ರ್ಯೂಕನ್‌ನಲ್ಲಿ 1929ರಿಂದ, ನಂಗಲ್‌ನಲ್ಲಿ 1961ರಿಂದ ನಡೆದದ್ದು ತತ್ತ್ವತಃ ಇದೇ ಕೆಲಸ. ಹಳೆಯದೆಂದು ಬಿಟ್ಟ ದಾರಿಯೇ ಹೊಸ ದಾರಿಯಾಗುವ ಪ್ರಸಂಗ ವಿಜ್ಞಾನದಲ್ಲಿ ಅಪೂರ್ವವಲ್ಲ. ದಾಖಲೆಗಳನ್ನು ರದ್ದಿಗೆ ಹಾಕಿ, ಯಂತ್ರಗಳನ್ನು ಗುಜರಿಗೆ ಮಾರಿದ ಜನ, ತಮ್ಮ ಹಿರಿಯರು ಒಮ್ಮೆ ಕಲಿತುದನ್ನು ಮತ್ತೊಮ್ಮೆ ದುಬಾರಿ ಬೆಲೆ ಕೊಟ್ಟು ಕಲಿಯಬೇಕಾಗುತ್ತದೆ.

ಆದಕಾರಣ ನಮ್ಮ ಸೂಚನೆಗಳು ಇವು. ಶ್ರೀರಂಗಪಟ್ಟಣದ ಪ್ರವಾಸದ ದಾರಿಯಲ್ಲಿ ಬೆಳಗೊಳದ ಹೆಸರನ್ನೂ ಸೇರಿಸಿ, ಅಲ್ಲಿ ಏನು ನಡೆಯಿತೆಂಬುದನ್ನು ನಾಲ್ಕು ಸಾಲಿನಲ್ಲಿ ಹೇಳುವ ಒಂದು ಕಲ್ಲನ್ನಾದರೂ ನಿಲ್ಲಿಸಬೇಕು. ಶ್ರೀರಂಗಪಟ್ಟಣದಲ್ಲಿಯೋ ಮೈಸೂರಿನಲ್ಲಿಯೋ ಒಂದು ಕೋಣೆಯಲ್ಲಿ ಪೆಟ್ಲುಪ್ಪಿನಿಂದ ಯೂರಿಯದವರೆಗೆ ಸಾರಜನಕದ ಕಥೆಯನ್ನು ಮಾದರಿ, ಚಿತ್ರ, ಯಂತ್ರಭಾಗಗಳ ಮೂಲಕ ಕಾಣಿಸಬೇಕು. ಅದರಲ್ಲಿ ಓಪೌ ದುರಂತಕ್ಕೂ ಕೆಟ್ಟ ಬಾವಿನೀರಿಗೂ ತಕ್ಕ ಸ್ಥಳವಿರಬೇಕು. ಅಲ್ಲಿ ದುಡಿದವರ ಮನೆಗಳಲ್ಲಿ ಉಳಿದಿರಬಹುದಾದ ಛಾಯಾಚಿತ್ರ, ಕಾಗದಪತ್ರ, ಬಾಯಿಮಾತಿನ ನೆನಪುಗಳನ್ನು ಸಮೀಪದ ಕಾಲೇಜುಗಳ ವಿದ್ಯಾರ್ಥಿಗಳು ಸಂಗ್ರಹಿಸಬೇಕು. ಇವುಗಳಲ್ಲಿ ಯಾವುದಕ್ಕೂ ಸಾವಿರ ಟನ್ನಿನ ಕಟ್ಟಡವನ್ನು ಎತ್ತಿಡುವಷ್ಟು ಖರ್ಚು ತಗಲದು.

ವಿದ್ಯಾರ್ಥಿಮಿತ್ರರು ಸರ್ಕಾರಕ್ಕಾಗಿ ಕಾಯಬೇಕಾದ್ದಿಲ್ಲ. ನಿಮ್ಮ ಊರಿನ ಹೊಲವೊಂದರ ಮಣ್ಣಿನ ಪರೀಕ್ಷೆಯ ಚೀಟಿಯನ್ನು ಕೇಳಿ ನೋಡಿರಿ. ಆ ಹೊಲಕ್ಕೆ ವರ್ಷಕ್ಕೆ ಎಷ್ಟು ಚೀಲ ಗೊಬ್ಬರ ಹೋಗುತ್ತದೆಂದು ರೈತನನ್ನು ಕೇಳಿರಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿರಿ. 2015ರಿಂದ ನಮ್ಮ ದೇಶದ ಯೂರಿಯಕ್ಕೆಲ್ಲ ಬೇವಿನೆಣ್ಣೆಯ ಲೇಪವನ್ನು ಏಕೆ ಕಡ್ಡಾಯ ಮಾಡಿದರೆಂಬುದನ್ನು ಉಪಾಧ್ಯಾಯರೊಡನೆ ಚರ್ಚಿಸಿರಿ. ಗದ್ದೆಯ ಬದುವಿನಲ್ಲಿ ಅವರೆಯ ಗಿಡವೊಂದನ್ನು ಮೆಲ್ಲಗೆ ಕಿತ್ತು ಅದರ ಬೇರಿನ ಗಂಟುಗಳನ್ನು ಎಣಿಸಿರಿ. ಇನ್ನೂರು ಪಾಲು ಒತ್ತಡವಾಗಲಿ ಐನೂರು ಡಿಗ್ರಿ ಶಾಖವಾಗಲಿ ಇಲ್ಲದೆ, ಕಾರ್ಖಾನೆಯ ಕೆಲಸವನ್ನೇ ಅದು ಮಾಡುತ್ತಿದೆಯೆಂಬುದನ್ನು ಮನನ ಮಾಡಿರಿ. ಆ ಗುಟ್ಟನ್ನು ಬತ್ತಕ್ಕೆ ಕಲಿಸುವ ವಿಜ್ಞಾನಿ ನಿಮ್ಮಲ್ಲಿಯೇ ಒಬ್ಬರಾಗಬಾರದೇಕೆ?

ಮುಂದಿನ ಸಲ ಶ್ರೀರಂಗಪಟ್ಟಣದ ಮದ್ದಿನ ಮನೆಯ ಮುಂದೆ ನಿಂತಾಗ, ಪಶ್ಚಿಮದ ಕಡೆಗೂ ಒಮ್ಮೆ ಮುಖ ತಿರುಗಿಸಿರಿ. ಒಂದು ಮನೆಯಲ್ಲಿ ಸಾರಜನಕವನ್ನು ಸಾಮ್ರಾಜ್ಯದ ರಕ್ಷಣೆಗಾಗಿ ಕೂಡಿಟ್ಟರು. ಇನ್ನೊಂದರಲ್ಲಿ ಅನ್ನಕ್ಕಾಗಿ ಗಾಳಿಯಿಂದ ಇಳಿಸಿದರು. ಮೊದಲನೆಯದನ್ನು ಎತ್ತಿ ಸುರಕ್ಷಿತವಾಗಿ ಇರಿಸಿದ ನಾಡು ಎರಡನೆಯದರ ಹೆಸರನ್ನಾದರೂ ಉಳಿಸಿಕೊಳ್ಳದೆ ಹೋದರೆ, ನಮ್ಮ ಮಕ್ಕಳು ಕೊಲ್ಲುವ ಮದ್ದಿನ ಚರಿತ್ರೆಯನ್ನು ಮಾತ್ರ ಓದಿ ಬೆಳೆದಾರು. ಅನ್ನ ಬೆಳೆಸುವ ಮದ್ದಿಗೂ ಒಂದು ಚರಿತ್ರೆಯುಂಟು. ಅದು ನಮ್ಮ ನೆಲದಲ್ಲಿಯೇ ನಡೆದ ಚರಿತ್ರೆ.